ಸಲಹೆಗಾರರು ಹೋದ ಮೇಲೆ ಕಾರ್ಖಾನೆಯಲ್ಲಿ ಏನು ಉಳಿಯಬೇಕು?

ಮಾನ್ಯ ಸಂಪಾದಕರೇ,

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಬಿಡಿಭಾಗಗಳನ್ನು ತಯಾರಿಸಿ ದೊಡ್ಡ ಕಂಪನಿಗಳಿಗೆ ಪೂರೈಸುವ ಸಣ್ಣ ಘಟಕವೊಂದರ ಮಾಲೀಕ ನಾನು. ಸಣ್ಣ ಕೈಗಾರಿಕೆಗಳ ಕಷ್ಟದ ಮಾತು ಬಂದಾಗಲೆಲ್ಲ ವಿದ್ಯುತ್ ದರ, ಬ್ಯಾಂಕ್ ಸಾಲ, ಕಚ್ಚಾವಸ್ತುವಿನ ಬೆಲೆ, ದೊಡ್ಡ ಕಂಪನಿಗಳಿಂದ ಬರಬೇಕಾದ ಬಾಕಿ ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಸದ್ದಿಲ್ಲದೆ ಬೆಳೆಯುತ್ತಿರುವ ಇನ್ನೊಂದು ಬಾಬಿನ ಬಗ್ಗೆ, ಅಂದರೆ ಹೊರಗಿನ ಕನ್ಸಲ್ಟೆಂಟರಿಗೆ ನಾವು ಕೊಡುವ ಶುಲ್ಕದ ಬಗ್ಗೆ, ಬರೆದವರು ಕಡಿಮೆ. ಐಎಸ್‌ಒ ಪ್ರಮಾಣಪತ್ರ, ಜಿಎಸ್‌ಟಿ, ಸಬ್ಸಿಡಿ, ಸಾಲದ ಯೋಜನಾ ವರದಿ, ಪರಿಸರ ಸಮ್ಮತಿ, ಇಂಧನ ಲೆಕ್ಕಪರಿಶೋಧನೆ, ಈಗೀಗ ಡಿಜಿಟಲ್ ಮಾರುಕಟ್ಟೆ ಹೀಗೆ ಒಂದೊಂದಕ್ಕೂ ಒಬ್ಬೊಬ್ಬರು ಇದ್ದಾರೆ. ಅವರಲ್ಲಿ ನಿಜವಾದ ತಜ್ಞರೂ ಇದ್ದಾರೆ, ಅರ್ಜಿ ತುಂಬುವುದನ್ನೇ ವಿದ್ಯೆ ಮಾಡಿಕೊಂಡವರೂ ಇದ್ದಾರೆ. ಹೊರಗಿನವರನ್ನು ಕರೆಯಲೇಬಾರದು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಕರೆದವರು ಹೊರಟುಹೋದ ಮೇಲೆ ಅವರ ವಿದ್ಯೆಯ ಒಂದು ಪಾಲಾದರೂ ಕಾರ್ಖಾನೆಯೊಳಗೆ, ನಮ್ಮ ಕೆಲಸಗಾರರ ಕೈಯಲ್ಲಿ ಉಳಿಯುವಂತೆ ಒಪ್ಪಂದ ಮಾಡಿಕೊಳ್ಳಬೇಕು, ಹಾಗೆ ಉಳಿಯದ ಸಲಹೆಗೆ ದುಡ್ಡು ಕೊಡಬಾರದು ಎಂಬುದಷ್ಟೇ ನನ್ನ ವಾದ.

ಸಣ್ಣ ಘಟಕಕ್ಕೆ ಹೊರಗಿನ ನೆರವು ಏಕೆ ಬೇಕಾಗುತ್ತದೆ ಎಂಬುದನ್ನು ಈ ಕ್ಷೇತ್ರದ ಹೊರಗಿರುವ ಓದುಗರಿಗೆ ಹೇಳಬೇಕು. ನಮ್ಮಂಥ ಕಡೆ ಖರೀದಿ, ಉತ್ಪಾದನೆ, ಮಾರಾಟ, ವಸೂಲಿ, ಬ್ಯಾಂಕು, ಕಾರ್ಮಿಕರ ರಜೆ ಎಲ್ಲವನ್ನೂ ಮಾಲೀಕನೇ ನೋಡಬೇಕು. ಒಬ್ಬ ಲೋಹತಜ್ಞರನ್ನು ಅಥವಾ ಒಬ್ಬ ತೆರಿಗೆ ತಜ್ಞರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುವಷ್ಟು ವಹಿವಾಟು ಇರುವುದಿಲ್ಲ, ಇದ್ದರೂ ಅವರಿಗೆ ದಿನವಿಡೀ ಕೊಡುವಷ್ಟು ಕೆಲಸ ಇರುವುದಿಲ್ಲ. ತಿಂಗಳಿಗೆ ಎರಡು ಸಲ ಬಂದು ನೋಡಿ ಹೋಗುವ ಅನುಭವಿಯೊಬ್ಬರು ಸಿಕ್ಕರೆ ಅದು ಇಬ್ಬರಿಗೂ ಒಳ್ಳೆಯದು. ಅದಕ್ಕಿಂತ ಮುಖ್ಯವಾಗಿ, ಇಪ್ಪತ್ತು ವರ್ಷ ಒಂದೇ ಶೆಡ್ಡಿನಲ್ಲಿ ನಿಂತವನ ಕಣ್ಣಿಗೆ ಕಾಣಿಸದೇ ಹೋಗುವುದು ಹೊಸಬರ ಕಣ್ಣಿಗೆ ಬಾಗಿಲಲ್ಲೇ ಕಾಣುತ್ತದೆ.

ನಮ್ಮ ಘಟಕದಲ್ಲಿಯೇ ಕಂಡದ್ದನ್ನು ಹೇಳುವುದಾದರೆ, ಮಲೆನಾಡಿನ ಮಳೆಗಾಲದಲ್ಲಿ ಎರಕದಲ್ಲಿ ಗಾಳಿಗುಳ್ಳೆ ಬಂದು ರಿಜೆಕ್ಷನ್ ಏರುವುದು ಹಸಿ ಮರಳಿನ ಅಚ್ಚು ಬಳಸುವ ಎಲ್ಲರಿಗೂ ಗೊತ್ತಿರುವ ತಲೆನೋವು. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಲೋಹತಜ್ಞರೊಬ್ಬರನ್ನು ಕರೆಸಿದಾಗ ಅವರು ಕೆಟ್ಟ ಎರಕಗಳ ರಾಶಿಯ ಕಡೆಗೆ ಹೋಗಲೇ ಇಲ್ಲ. ನೇರವಾಗಿ ಮರಳು ಕಲಸುವ ಮಿಲ್ಲಿನ ಬಳಿ ನಿಂತು, ನೀರು ಎಷ್ಟು ಹಾಕುತ್ತೀರಿ, ಅದನ್ನು ಯಾರು ನಿರ್ಧರಿಸುತ್ತಾರೆ ಎಂದು ಅಲ್ಲಿದ್ದ ಕೆಲಸಗಾರನನ್ನೇ ಕೇಳಿದರು. ಮರಳನ್ನು ಕ್ಯಾಲ್ಸಿಯಂ ಕಾರ್ಬೈಡ್ ಪುಡಿಯೊಂದಿಗೆ ಡಬ್ಬಿಯೊಳಗೆ ಕುಲುಕಿ, ಹುಟ್ಟುವ ಅನಿಲದ ಒತ್ತಡದಿಂದ ತೇವಾಂಶ ತಿಳಿಯುವ ಸಣ್ಣ ಉಪಕರಣವೊಂದನ್ನು ತರಿಸಿ, ಅದನ್ನು ಬಳಸುವುದನ್ನು ನನಗೆ ಕಲಿಸದೆ ಅದೇ ಕೆಲಸಗಾರನಿಗೆ ಕಲಿಸಿದರು. ಪಾಳಿ ಶುರುವಾದಾಗ, ಮಧ್ಯಾಹ್ನ, ಮಳೆ ಜೋರಾದಾಗ ತೇವಾಂಶ ಎಷ್ಟಿತ್ತು, ಮರಳನ್ನು ಬಿಗಿಹಿಡಿಯುವ ಬೆಂಟೊನೈಟ್ ಜೇಡಿಯನ್ನು ಎಷ್ಟು ಹಾಕಿದೆ, ಆ ದಿನ ಎಷ್ಟು ಎರಕ ಕೆಟ್ಟಿತು ಎಂದು ಬರೆಯಲು ಕನ್ನಡದಲ್ಲಿ ಒಂದು ಪುಟದ ಹಾಳೆ ಮಾಡಿಕೊಟ್ಟರು. ಮುಂದಿನ ಮಳೆಗಾಲದಲ್ಲಿ ಅವರನ್ನು ಕರೆಸುವ ಅಗತ್ಯ ಬೀಳಲಿಲ್ಲ. ಈ ಮಾತನ್ನು ಅವರಿಗೇ ಹೇಳಿದಾಗ, ಹಾಗಿದ್ದರೆ ನನ್ನ ಕೆಲಸ ಸರಿಯಾಗಿದೆ ಎಂದರು. ತನ್ನ ಗಿರಾಕಿಯನ್ನು ತಾನೇ ಕಳೆದುಕೊಳ್ಳುವಂತೆ ಕೆಲಸ ಮಾಡುವ ಸಲಹೆಗಾರರು ವಿರಳ ನಿಜ, ಆದರೆ ಹುಡುಕಬೇಕಾದದ್ದು ಅಂಥವರನ್ನೇ.

ಇದು ಒಂದು ಘಟಕದ ಅನುಭವ ಎಂದು ತಳ್ಳಿಹಾಕುವವರಿಗಾಗಿ ಇನ್ನೊಂದು ಸಂಗತಿ ಹೇಳುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು ಮುಂಬೈ ಸಮೀಪದ ತಾರಾಪುರ ಹಾಗೂ ಉಂಬರ್‌ಗಾಂವ್‌ನ ಜವಳಿ ಘಟಕಗಳಲ್ಲಿ ಒಂದು ಪ್ರಯೋಗ ನಡೆಸಿದ್ದರು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೆಲವು ಘಟಕಗಳಿಗೆ ಅಂತರರಾಷ್ಟ್ರೀಯ ಸಲಹಾ ಸಂಸ್ಥೆಯೊಂದರ ತಂಡವನ್ನು ಉಚಿತವಾಗಿ ಕಳಿಸಲಾಯಿತು: ಒಂದು ತಿಂಗಳು ರೋಗ ಪತ್ತೆಗೆ, ನಾಲ್ಕು ತಿಂಗಳು ಪರಿಹಾರವನ್ನು ಜಾರಿಗೆ ತರುವುದಕ್ಕೆ. ಹೋಲಿಕೆಗೆಂದು ಇಟ್ಟುಕೊಂಡ ಉಳಿದ ಘಟಕಗಳಿಗೆ ರೋಗ ಪತ್ತೆ ಮಾತ್ರ ಸಿಕ್ಕಿತು. ಪೂರ್ಣ ನೆರವು ಸಿಕ್ಕ ಕಡೆ ಮೊದಲ ವರ್ಷದಲ್ಲಿಯೇ ಉತ್ಪಾದಕತೆ ಶೇ 17ರಷ್ಟು ಹೆಚ್ಚಿತು. ಅಲ್ಲಿ ಕಲಿಸಿದ್ದು ಯಾವ ರಹಸ್ಯ ವಿದ್ಯೆಯೂ ಅಲ್ಲ: ಯಂತ್ರಗಳ ನಿರ್ವಹಣೆಗೆ ದಿನ ಗೊತ್ತುಮಾಡುವುದು, ಬಟ್ಟೆಯ ದೋಷಗಳನ್ನು ದಿನವೂ ಬರೆದಿಡುವುದು, ಗೋದಾಮಿನಲ್ಲಿ ನೂಲನ್ನು ಬಗೆಬಗೆಯಾಗಿ ವಿಂಗಡಿಸುವುದು, ನೆಲ ಚೊಕ್ಕಟವಾಗಿಡುವುದು, ಇಂಥ 38 ಅಭ್ಯಾಸಗಳು. ವರದಿ ಕೊಟ್ಟು ಹೋಗುವ ಸಲಹೆಗೂ, ಜೊತೆಗೆ ನಿಂತು ಮಾಡಿಸುವ ಸಲಹೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಘಟಕಗಳು ನಮ್ಮ ಮಾಚೇನಹಳ್ಳಿಯ ಶೆಡ್ಡುಗಳಿಗಿಂತ ಬಹಳ ದೊಡ್ಡವು, ಉಚಿತವಾಗಿ ಬಂದ ತಂಡವನ್ನು ನಾವು ದುಡ್ಡು ಕೊಟ್ಟು ಕರೆಸುವಂತೆಯೂ ಇಲ್ಲ. ಆದರೂ ಪಾಠ ನಮಗೂ ಒಪ್ಪುತ್ತದೆ.

ಆದರೆ ಅದಕ್ಕಿಂತ ಹೆಚ್ಚು ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಕಥೆಯ ಎರಡನೇ ಭಾಗ. ಅದೇ ಸಂಶೋಧಕರು ಸುಮಾರು ಒಂಬತ್ತು ವರ್ಷಗಳ ನಂತರ ಅದೇ ಘಟಕಗಳಿಗೆ ಮರಳಿ ಹೋಗಿ ನೋಡಿದಾಗ, ಕಲಿಸಿದ್ದ ಅಭ್ಯಾಸಗಳಲ್ಲಿ ಅರ್ಧದಷ್ಟು ಕೈಬಿಟ್ಟುಹೋಗಿದ್ದವು. ಘಟಕದ ಮ್ಯಾನೇಜರ್ ಬದಲಾದದ್ದು ಮತ್ತು ಮಾಲೀಕರಿಗೆ ಅದರತ್ತ ಗಮನ ಕೊಡಲು ಸಮಯ ಇಲ್ಲದೇ ಹೋದದ್ದು ಅದಕ್ಕೆ ಮುಖ್ಯ ಕಾರಣಗಳಾಗಿದ್ದವು. ನಾಟಿಗೆ ಆಳು ಹಿಡಿದು, ಕಳೆ ಕೀಳಲು ಯಾರೂ ಇಳಿಯದ ಗದ್ದೆಯ ಕಥೆ ಇದು. ಹಾಗಿದ್ದೂ ಉಳಿದರ್ಧದ ಬಲದಿಂದಲೇ ಆ ಘಟಕಗಳು, ಜಾರಿಯ ಹಂತದ ನೆರವು ಸಿಗದ ಘಟಕಗಳಿಗಿಂತ ಮುಂದೆ ಇದ್ದವು ಎಂಬುದನ್ನೂ ಹೇಳಬೇಕು. ಸಲಹೆ ವ್ಯರ್ಥವಾಗಲಿಲ್ಲ, ಆದರೆ ಅದು ಒಬ್ಬ ಮ್ಯಾನೇಜರನ ತಲೆಯಲ್ಲಿ ಮಾತ್ರ ಉಳಿದ ಕಡೆ ಅವನೊಂದಿಗೇ ಹೊರಟುಹೋಯಿತು.

ಹೊರಗಿನವರ ವಿದ್ಯೆಯನ್ನು ಇಲ್ಲಿಯೇ ಉಳಿಸಿಕೊಂಡದ್ದಕ್ಕೆ ನಮ್ಮ ಭದ್ರಾವತಿಯ ಇತಿಹಾಸದಲ್ಲಿಯೇ ಉತ್ತಮ ಉದಾಹರಣೆ ಇದೆ. ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಯ ಕನಸು ಕಂಡಾಗ ಅದಕ್ಕೆ ಬೇಕಾದ ಅನುಭವ ಇಲ್ಲಿ ಯಾರಿಗೂ ಇರಲಿಲ್ಲ. ಟಾಟಾ ಉಕ್ಕಿನ ಕಾರ್ಖಾನೆಗೆ ಸಲಹಾ ಎಂಜಿನಿಯರ್ ಆಗಿದ್ದ ನ್ಯೂಯಾರ್ಕಿನ ಸಿ.ಪಿ. ಪೆರಿನ್ ಅವರ ಸಂಸ್ಥೆಯನ್ನೇ ಸಂಸ್ಥಾನವೂ ನೆಚ್ಚಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಆ ವರ್ಷ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡ ಎಂ. ವಿಶ್ವೇಶ್ವರಯ್ಯನವರು ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು, ಹೊರದೇಶದ ತಜ್ಞರು ನೋಡಿಕೊಳ್ಳುತ್ತಿದ್ದ ಕೆಲಸಗಳಿಗೆ ಇಲ್ಲಿನವರನ್ನೇ ಹಂತಹಂತವಾಗಿ ಸಿದ್ಧಪಡಿಸಿದ್ದು. ತಜ್ಞರನ್ನು ಕರೆಸುವುದಕ್ಕೆ ಸಂಕೋಚ ಪಡಲಿಲ್ಲ, ಕರೆಸಿದವರನ್ನೇ ಶಾಶ್ವತವಾಗಿ ಅವಲಂಬಿಸಲೂ ಇಲ್ಲ. ಸ್ವತಃ ವಿಶ್ವೇಶ್ವರಯ್ಯನವರೇ ಅದಕ್ಕೆ ಮೊದಲು, 1908ರ ಮೂಸಿ ನದಿಯ ಪ್ರವಾಹದ ನಂತರ, ಹೈದರಾಬಾದಿಗೆ ಸಲಹಾ ಎಂಜಿನಿಯರ್ ಆಗಿ ಹೋದವರು ಎಂಬುದನ್ನು ನೆನೆದರೆ, ಮೇಜಿನ ಎರಡೂ ಬದಿಯಲ್ಲಿ ಕೂತವರ ತಿಳಿವಳಿಕೆ ಅದು ಎನಿಸುತ್ತದೆ.

ಇನ್ನು ಇಂದಿನ ಸ್ಥಿತಿಗೆ ಬರುತ್ತೇನೆ. ಸಣ್ಣ ಘಟಕಗಳು ಕನ್ಸಲ್ಟೆಂಟರಿಗೆ ಮೊದಲ ಬಾರಿಗೆ ದುಡ್ಡು ಕೊಡುವುದು ಸಾಮಾನ್ಯವಾಗಿ ಗುಣಮಟ್ಟ ವ್ಯವಸ್ಥೆಯ ಮಾನದಂಡವಾದ ಐಎಸ್‌ಒ 9001ರ ಪ್ರಮಾಣಪತ್ರಕ್ಕಾಗಿ. ದೊಡ್ಡ ಕಂಪನಿ ಪ್ರಮಾಣಪತ್ರ ಕೇಳುತ್ತದೆ, ಗಡುವು ಕೊಡುತ್ತದೆ, ಮಾಲೀಕ ಫೋನಿನಲ್ಲಿ ಸಿಕ್ಕವರನ್ನು ಹಿಡಿಯುತ್ತಾನೆ. ಸಲಹೆ, ದಾಖಲೆ, ಆಡಿಟ್, ಪ್ರಮಾಣಪತ್ರ ಎಲ್ಲ ಸೇರಿ ಇಷ್ಟು ಎಂದು ಒಂದೇ ದರ ಹೇಳುವ ‘ಪ್ಯಾಕೇಜ್’ ಅವನಿಗೆ ಅನುಕೂಲವಾಗಿಯೇ ಕಾಣುತ್ತದೆ. ಇಲ್ಲಿ ಕೆಲವು ವಿಷಯಗಳು ಗೊತ್ತಿದ್ದರೆ ಮೋಸ ಹೋಗುವುದು ಅರ್ಧ ತಪ್ಪುತ್ತದೆ. ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಅದು ಮಾನದಂಡವನ್ನು ಮಾತ್ರ ಪ್ರಕಟಿಸುತ್ತದೆ. ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಬೇರೆ, ಅವುಗಳ ಯೋಗ್ಯತೆಯನ್ನು ಪರೀಕ್ಷಿಸಿ ಮಾನ್ಯತೆ ಕೊಡಲು ನಮ್ಮ ದೇಶದಲ್ಲಿ ಭಾರತೀಯ ಗುಣಮಟ್ಟ ಮಂಡಳಿಯ ಅಡಿಯಲ್ಲಿ ಎನ್‌ಎಬಿಸಿಬಿ ಇದೆ. ಅಂಥ ಸಂಸ್ಥೆಗಳಿಗೆ ಅನ್ವಯಿಸುವ ಐಎಸ್‌ಒ/ಐಇಸಿ 17021-1 ಎಂಬ ಮಾನದಂಡದ ಪ್ರಕಾರ, ಪ್ರಮಾಣಪತ್ರ ಕೊಡುವವರು ಗುಣಮಟ್ಟ ವ್ಯವಸ್ಥೆಯ ಸಲಹಾ ಸೇವೆ ಕೊಡುವಂತಿಲ್ಲ. ನಿರ್ದಿಷ್ಟ ಕನ್ಸಲ್ಟೆಂಟರೊಬ್ಬರ ಮೂಲಕ ಬಂದರೆ ಕೆಲಸ ಸುಲಭ, ಬೇಗ, ಅಗ್ಗ ಎಂದು ಸೂಚಿಸುವುದೂ ನಿಷಿದ್ಧ. ಹಾಗಿರುವಾಗ ಎರಡನ್ನೂ ಒಂದೇ ಲಕೋಟೆಯಲ್ಲಿ ಮಾರುವವರು ಕೊಡುವ ಕಾಗದದ ಬೆಲೆ ಎಷ್ಟು ಎಂಬುದನ್ನು ಓದುಗರೇ ಊಹಿಸಬಹುದು. ಪ್ರಮಾಣಪತ್ರ ಕೊಡುವ ಸಂಸ್ಥೆಯ ಹೆಸರನ್ನು ಎನ್‌ಎಬಿಸಿಬಿಯ ಪಟ್ಟಿಯಲ್ಲಿ ಹುಡುಕಲು ಐದು ನಿಮಿಷ ಸಾಕು, ಆ ಐದು ನಿಮಿಷವನ್ನು ಮುಂಗಡ ಕೊಡುವ ಮೊದಲೇ ಕಳೆಯಬೇಕು.

ಕನ್ಸಲ್ಟೆಂಟರು ಇಲ್ಲದೆ ಐಎಸ್‌ಒ ಬರುವುದೇ ಇಲ್ಲ ಎಂಬ ನಂಬಿಕೆಯೂ ನಮ್ಮಲ್ಲಿ ಬೇರೂರಿದೆ. ಮಾನದಂಡದಲ್ಲಿ ಅಂಥ ಷರತ್ತು ಎಲ್ಲಿಯೂ ಇಲ್ಲ. ದಪ್ಪನೆಯ ‘ಕ್ವಾಲಿಟಿ ಮ್ಯಾನುಯಲ್’ ಇರಲೇಬೇಕು ಎಂಬ ನಿಯಮವನ್ನೂ 2015ರ ಆವೃತ್ತಿಯಲ್ಲಿ ಕೈಬಿಡಲಾಗಿದೆ. ಆದರೂ ನಮ್ಮ ಕಪಾಟುಗಳಲ್ಲಿ ಇಂಗ್ಲಿಷಿನ ದಪ್ಪ ಕಡತಗಳು ಆಡಿಟ್ ದಿನಕ್ಕಾಗಿ ಕಾಯುತ್ತ ಕೂತಿರುತ್ತವೆ. ಪರಿಚಿತರೊಬ್ಬರ ಲೇಥ್ ವರ್ಕ್‌ಶಾಪಿಗೆ ಬರೆದುಕೊಟ್ಟ ಕಡತದಲ್ಲಿ ಶೀತಲಗೃಹದ ತಾಪಮಾನವನ್ನು ಗಂಟೆಗೊಮ್ಮೆ ದಾಖಲಿಸುವ ವಿಧಾನವನ್ನೂ ವಿವರಿಸಲಾಗಿತ್ತು. ಅಲ್ಲಿ ತಣ್ಣಗಿರುವುದೆಂದರೆ ಕುಡಿಯುವ ನೀರಿನ ಮಡಕೆಯೊಂದೇ. ಯಾವ ಭಾಷೆಯಲ್ಲಿ ದಾಖಲೆ ಇರಬೇಕೆಂದು ಮಾನದಂಡ ಹೇಳುವುದಿಲ್ಲ. ಕೆಲಸ ಮಾಡುವವರಿಗೆ ಅರ್ಥವಾಗುವ ಕನ್ನಡದಲ್ಲಿ, ಯಂತ್ರದ ಪಕ್ಕದ ಗೋಡೆಯ ಮೇಲೆ ಒಂದು ಪುಟದ ಸೂಚನೆ ಇದ್ದರೆ ಅದೇ ದಾಖಲೆ. ಇದನ್ನು ಬರೆದುಕೊಡಲು ಒಪ್ಪದ ಕನ್ಸಲ್ಟೆಂಟರು, ನನ್ನ ಅಭಿಪ್ರಾಯದಲ್ಲಿ, ಆ ಯಂತ್ರದ ಬಳಿ ನಿಂತು ನೋಡಿಲ್ಲ ಎಂದೇ ಅರ್ಥ. ಗುಣಮಟ್ಟ ವ್ಯವಸ್ಥೆಗೆ ಸಲಹೆಗಾರರನ್ನು ಹೇಗೆ ಆಯ್ಕೆ ಮಾಡಬೇಕು ಎಂಬ ಬಗ್ಗೆಯೇ ಐಎಸ್‌ಒ 10019 ಎಂಬ ಮಾರ್ಗಸೂಚಿಯನ್ನು 2005ರಲ್ಲಿ ಹೊರಡಿಸಲಾಗಿದೆ. ಅದರ ಮಾತು ತೆಗೆದ ಕನ್ಸಲ್ಟೆಂಟರನ್ನು ನಾನು ಇನ್ನೂ ಭೇಟಿಯಾಗಿಲ್ಲ.

ಉಚಿತವಾಗಿ ಸಿಗುವುದಕ್ಕೆ ದುಡ್ಡು ಕೊಡುವ ವಿಷಯ ಇನ್ನೂ ಬೇಸರದ್ದು. 2020ರ ಜುಲೈ 1ರಿಂದ ಜಾರಿಗೆ ಬಂದ, ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಗೆ ಸರ್ಕಾರ ಯಾವ ಶುಲ್ಕವನ್ನೂ ವಿಧಿಸುವುದಿಲ್ಲ. ಅದು ಸ್ವಯಂಘೋಷಣೆಯ ಆಧಾರದ ಮೇಲೆ ನಡೆಯುತ್ತದೆ, ದಾಖಲೆಗಳನ್ನು ಅಪ್‌ಲೋಡ್ ಮಾಡುವ ಅಗತ್ಯವೂ ಇಲ್ಲ. ಆದರೂ ಸರ್ಕಾರಿ ಜಾಲತಾಣದಂತೆಯೇ ಕಾಣುವ ಖಾಸಗಿ ತಾಣಗಳಲ್ಲಿ ಸಾವಿರಾರು ರೂಪಾಯಿ ಕಟ್ಟಿ ನೋಂದಣಿ ಮಾಡಿಸಿಕೊಂಡವರು ನಮ್ಮ ಸುತ್ತಮುತ್ತ ಇದ್ದಾರೆ. ಅರ್ಜಿ ತುಂಬಲು ಸಮಯವಿಲ್ಲದವರು ಇನ್ನೊಬ್ಬರ ಶ್ರಮಕ್ಕೆ ದುಡ್ಡು ಕೊಡುವುದು ತಪ್ಪಲ್ಲ, ಆದರೆ ಅದು ಶ್ರಮದ ಶುಲ್ಕವೇ ಹೊರತು ಸರ್ಕಾರದ ಶುಲ್ಕವಲ್ಲ ಎಂದು ತಿಳಿದು ಕೊಡಬೇಕು.

ಇದಕ್ಕಿಂತ ಅಪಾಯಕಾರಿಯಾದದ್ದು ಬೀಗದ ಕೈ ಇನ್ನೊಬ್ಬರ ಬಳಿ ಇರುವುದು. ಜಿಎಸ್‌ಟಿ ಜಾಲತಾಣಕ್ಕೆ, ಉದ್ಯಮ್ ನೋಂದಣಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅರ್ಜಿಗೆ ಕನ್ಸಲ್ಟೆಂಟರ ಮೊಬೈಲ್ ಸಂಖ್ಯೆ ಮತ್ತು ಇಮೇಲನ್ನೇ ಕೊಟ್ಟಿರುವ ಎಷ್ಟೋ ಘಟಕಗಳಿವೆ. ಒಟಿಪಿ ಅವರಿಗೇ ಹೋಗುತ್ತದೆ, ನೋಟಿಸ್ ಬಂದರೂ ಮೊದಲು ಅವರಿಗೇ ತಿಳಿಯುತ್ತದೆ. ಮನಸ್ತಾಪವಾಗಿ ಅವರನ್ನು ಬಿಡಬೇಕೆಂದರೆ ನಮ್ಮದೇ ಲೆಕ್ಕದೊಳಗೆ ನಾವು ಹೋಗಲಾಗದ ಸ್ಥಿತಿ. ಮಾಲೀಕನ ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಟೋಕನ್ ಅಂತೂ ಕನ್ಸಲ್ಟೆಂಟರ ಮೇಜಿನ ಡ್ರಾಯರಿನಲ್ಲಿ ಇತರ ಹತ್ತಾರು ಟೋಕನ್‌ಗಳ ಜೊತೆ ಬಿದ್ದಿರುತ್ತದೆ. ಆ ಸಹಿಯ ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳಲು ಎಚ್ಚರ ವಹಿಸುವುದು ಸಹಿದಾರನ ಕರ್ತವ್ಯ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಹೇಳುತ್ತದೆ. ಖಾಲಿ ಚೆಕ್ಕಿಗೆ ಸಹಿ ಹಾಕಿಕೊಡಲು ಒಪ್ಪದ ಮಾಲೀಕರು ಇದಕ್ಕೆ ಹೇಗೆ ಒಪ್ಪುತ್ತಾರೋ ನನಗೆ ತಿಳಿಯದು. ರಿಟರ್ನ್ ತಪ್ಪಾಗಿ ಸಲ್ಲಿಕೆಯಾಗಿ ತೆರಿಗೆ ಬಾಕಿ ಬಿದ್ದರೆ ವರ್ಷಕ್ಕೆ ಶೇ 18ರ ಬಡ್ಡಿ ಕಟ್ಟಬೇಕಾದವನು ಮಾಲೀಕನೇ. ಕನ್ಸಲ್ಟೆಂಟರ ತಪ್ಪು ಎಂಬ ಉತ್ತರಕ್ಕೆ ಇಲಾಖೆಯ ಮುಂದೆ ಬೆಲೆ ಇಲ್ಲ.

ಸಬ್ಸಿಡಿ ಮತ್ತು ಸಾಲದ ವಿಷಯದಲ್ಲಿ ಶುಲ್ಕವನ್ನು ಶೇಕಡಾವಾರು ಲೆಕ್ಕದಲ್ಲಿ ಕೇಳುವ ರೂಢಿ ಇದೆ. ಕೆಲಸವಾದರೆ ಮಾತ್ರ ಕೊಡಿ ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಆದರೆ ಸಾಲದ ಮೊತ್ತ ಹೆಚ್ಚಾದಷ್ಟೂ ತನ್ನ ಪಾಲು ಹೆಚ್ಚುವವನು ನಿಮ್ಮ ಯೋಜನಾ ವೆಚ್ಚವನ್ನು ಕಡಿಮೆ ಮಾಡಲು ಏಕೆ ಯೋಚಿಸಬೇಕು? ಬೇಡದ ಯಂತ್ರ ಯೋಜನಾ ವರದಿಯೊಳಗೆ ಸೇರಿಕೊಳ್ಳುವುದು ಹೀಗೆಯೇ, ಅದರ ಕಂತನ್ನು ಏಳು ವರ್ಷ ಕಟ್ಟುವವರು ನಾವು. ನಾನು ನೋಡಿದ ಮಟ್ಟಿಗೆ ಗೊತ್ತಾದ ಕೆಲಸಕ್ಕೆ ಗೊತ್ತಾದ ಮೊತ್ತ, ಅದನ್ನೂ ಹಂತಗಳಲ್ಲಿ ಕೊಡುವುದು ಎಲ್ಲರಿಗೂ ಕ್ಷೇಮ.

ಸರ್ಕಾರವೇ ಸಲಹಾ ಶುಲ್ಕದ ಬಹುಪಾಲನ್ನು ಭರಿಸುವ ಯೋಜನೆಗಳೂ ಇವೆ, ಅವುಗಳ ಬಗ್ಗೆ ನಮ್ಮಲ್ಲಿ ಅರಿವು ಕಡಿಮೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ರೂಪದಲ್ಲಿ ಆರಂಭಿಸಿದ, ಉತ್ಪಾದನೆಯಲ್ಲಿ ಪೋಲು ತಗ್ಗಿಸುವ ಲೀನ್ ಯೋಜನೆಯಲ್ಲಿ, ವಸ್ತುಗಳನ್ನು ಒಪ್ಪವಾಗಿ ಜೋಡಿಸುವ 5ಎಸ್‌ನಿಂದ ಹಿಡಿದು ದಿನದಿನದ ಸಣ್ಣ ಸುಧಾರಣೆಗಳ ಕೈಜೆನ್, ಬೇಕಾದಾಗ ಬೇಕಾದಷ್ಟೇ ಮಾಲು ತರಿಸುವ ಕಾನ್‌ಬಾನ್‌ವರೆಗಿನ ವಿಧಾನಗಳನ್ನು ಕಲಿಸುವ ಸಲಹೆಗಾರರ ವೆಚ್ಚದಲ್ಲಿ ಶೇ 90ರಷ್ಟನ್ನು ಸರ್ಕಾರ ಕೊಡುತ್ತದೆ ಎಂದು ಪ್ರಕಟಿಸಲಾಗಿತ್ತು. ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ಉತ್ಪಾದನೆಗೆ ಕೊಡುವ ಝೆಡ್ ಪ್ರಮಾಣಪತ್ರದ ವೆಚ್ಚದಲ್ಲಿ ಅತಿಸಣ್ಣ ಘಟಕಗಳಿಗೆ ಶೇ 80, ಸಣ್ಣ ಘಟಕಗಳಿಗೆ ಶೇ 60, ಮಧ್ಯಮ ಘಟಕಗಳಿಗೆ ಶೇ 50 ರಿಯಾಯಿತಿ ಘೋಷಿಸಲಾಗಿದೆ. ರಾಜ್ಯದ್ದೇ ಆದ ಟೆಕ್ಸಾಕ್ ಎಂಬ ತಾಂತ್ರಿಕ ಸಲಹಾ ಸಂಸ್ಥೆ 1976ರಿಂದ ಇದೆ. ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ), ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಮುಂತಾದ ಸಂಸ್ಥೆಗಳಲ್ಲಿ ಯಂತ್ರ ಮತ್ತು ಟೂಲಿಂಗ್ ಬಗ್ಗೆ ಬಲ್ಲವರಿದ್ದಾರೆ. ಖಾಸಗಿಯವರಿಗೆ ಮುಂಗಡ ಕೊಡುವ ಮೊದಲು ಈ ಬಾಗಿಲುಗಳನ್ನು ಒಮ್ಮೆ ತಟ್ಟಿ ನೋಡಬೇಕು. ತಟ್ಟಿದ ಕೂಡಲೇ ತೆರೆಯುತ್ತವೆ ಎಂದು ಮಾತ್ರ ನಾನು ಭರವಸೆ ಕೊಡಲಾರೆ.

ಒಪ್ಪಂದ ಪತ್ರದ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬಾಯಿ ಮಾತಿನ ವ್ಯವಹಾರವೇ ನಮ್ಮಲ್ಲಿ ಹೆಚ್ಚು. ಯಾವ ಕೆಲಸ, ಎಷ್ಟು ಭೇಟಿ, ಬರುವವರು ಯಾರು (ಮಾತುಕತೆಗೆ ಹಿರಿಯರು ಬಂದು ಕೆಲಸಕ್ಕೆ ಓದು ಮುಗಿಸಿದ ಹುಡುಗರನ್ನು ಕಳಿಸುವುದು ಸಾಮಾನ್ಯ), ಕೊನೆಗೆ ಕೈಗೆ ಏನು ಸಿಗಬೇಕು, ನಮ್ಮ ಯಾವ ಕೆಲಸಗಾರನಿಗೆ ಏನು ಕಲಿಸಿರಬೇಕು ಎಂಬುದನ್ನು ಬರೆದುಕೊಳ್ಳದೆ ಮುಂಗಡ ಕೊಡಬಾರದು. ಶುಲ್ಕದ ಒಂದು ಭಾಗವನ್ನು, ಆ ಕೆಲಸಗಾರ ಸಲಹೆಗಾರರ ನೆರವಿಲ್ಲದೆ ಒಂದು ತಿಂಗಳು ಕೆಲಸ ನಡೆಸಿದ ಮೇಲೆ ಕೊಡುವ ಷರತ್ತು ಹಾಕಿದರೆ, ಕಲಿಸುವ ಆಸಕ್ತಿ ತಾನಾಗಿ ಹೆಚ್ಚುತ್ತದೆ. ಹೊರಗಿನವರಿಂದ ನಕ್ಷೆ, ಪ್ಯಾಟರ್ನಿನ ವಿನ್ಯಾಸ, ಸಾಫ್ಟ್‌ವೇರ್ ಅಥವಾ ಕೈಪಿಡಿ ಮಾಡಿಸಿಕೊಂಡಾಗ ದುಡ್ಡು ಕೊಟ್ಟ ಮಾತ್ರಕ್ಕೆ ಅದು ನಮ್ಮದಾಯಿತು ಎಂದು ಭಾವಿಸುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಮ್ಮ ನೌಕರನಲ್ಲದ ಹೊರಗಿನವರು ಸೃಷ್ಟಿಸಿದ ಕೃತಿಯ ಹಕ್ಕು ಸಾಮಾನ್ಯವಾಗಿ ಅವರದೇ. ಸಹಿ ಮಾಡಿದ ಬರಹದ ಮೂಲಕ ವರ್ಗಾಯಿಸಿಕೊಂಡರೆ ಮಾತ್ರ ಅದು ನಮಗೆ ಬರುತ್ತದೆ. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾಯ್ದೆ ಪರಿಗಣಿಸುತ್ತದೆ. ರಫ್ತು ಮಾಡುವವರಿಗೆ ಈ ಒಂದು ಸಾಲು ಎಷ್ಟು ಮುಖ್ಯ ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಮ್ಮಲ್ಲಿ ಕಲಿತದ್ದನ್ನು ಪಕ್ಕದ ಶೆಡ್ಡಿಗೆ ಮಾರಿದರೆ ಎಂಬ ಅನುಮಾನ ಎಲ್ಲ ಮಾಲೀಕರಿಗೂ ಇರುತ್ತದೆ. ಒಪ್ಪಂದ ಮುಗಿದ ಮೇಲೂ ಪ್ರತಿಸ್ಪರ್ಧಿಗೆ ಕೆಲಸ ಮಾಡಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ. ಆದರೆ ನಮ್ಮ ಬೆಲೆ, ಗಿರಾಕಿಗಳ ಪಟ್ಟಿ, ನಕ್ಷೆಗಳ ಗೌಪ್ಯತೆ ಕಾಪಾಡಬೇಕು ಎಂಬ ಷರತ್ತನ್ನು ಬರೆಸಿಕೊಳ್ಳಬಹುದು, ಬರೆಸಿಕೊಳ್ಳಲೇಬೇಕು.

ಮಾಲೀಕರಾದ ನಮ್ಮ ಕಡೆಯ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಶುಲ್ಕ ಮಾತಾಡುವಾಗ ತರಕಾರಿ ಚೌಕಾಸಿ ಮಾಡಿ, ಅರ್ಧಕ್ಕಿಳಿಸಿ, ಕೊನೆಗೆ ಆ ಅರ್ಧವನ್ನೂ ತಿಂಗಳುಗಟ್ಟಲೆ ಸತಾಯಿಸಿ ಕೊಡುವವರು ನಮ್ಮಲ್ಲಿದ್ದಾರೆ. ದೊಡ್ಡ ಕಂಪನಿಗಳು 45 ದಿನದೊಳಗೆ ದುಡ್ಡು ಕೊಡುವುದಿಲ್ಲ ಎಂದು ಸಭೆಗಳಲ್ಲಿ ದೂರುವ ನಾವು, ಉದ್ಯಮ್ ನೋಂದಣಿ ಇರುವ ಸಣ್ಣ ಸಲಹಾ ಸಂಸ್ಥೆಗೂ ನಮ್ಮನ್ನು ಕಾಯುವ ಅದೇ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ರಕ್ಷಣೆ ಇದೆ ಎಂಬುದನ್ನು ಮರೆಯುತ್ತೇವೆ. ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇನ್ನು ಕೆಲವರು ಸಲಹೆಗಾರರನ್ನು ಕರೆಸುವುದು ಸಲಹೆ ಕೇಳಲು ಅಲ್ಲವೇ ಅಲ್ಲ. ತಾನು ಆಗಲೇ ತೀರ್ಮಾನಿಸಿದ್ದನ್ನು ಪಾಲುದಾರ ಅಣ್ಣನಿಗೋ ಬ್ಯಾಂಕಿನವರಿಗೋ ಹೊರಗಿನವರ ಬಾಯಿಂದ ಹೇಳಿಸಲು. ತಂದೆ ಕಟ್ಟಿದ ಕಾರ್ಖಾನೆಯಲ್ಲಿ ತಂದೆಯ ಕಾಲದ ಫೋರ್‌ಮನ್ನನ್ನು ಪ್ರಶ್ನಿಸಲು ಧೈರ್ಯವಿಲ್ಲದ ಮಗ ಕನ್ಸಲ್ಟೆಂಟರನ್ನು ಮುಂದಿಟ್ಟುಕೊಂಡು ಮಾತನಾಡುವುದನ್ನು ನಾನು ಕಂಡಿದ್ದೇನೆ. ಕುಟುಂಬದ ವ್ಯವಹಾರಗಳಲ್ಲಿ ಅದಕ್ಕೂ ಒಂದು ಉಪಯೋಗವಿರಬಹುದು, ಆದರೆ ಆಗ ಆ ಫೋರ್‌ಮನ್ ಹೊಸಬರಿಗೆ ತನ್ನ ಅನುಭವದ ಒಂದು ಮಾತನ್ನೂ ಹೇಳುವುದಿಲ್ಲ, ಅವನಿಲ್ಲದೆ ಕಾರ್ಖಾನೆಯ ನಿಜಸ್ಥಿತಿ ಯಾವ ತಜ್ಞರಿಗೂ ತಿಳಿಯುವುದಿಲ್ಲ. ಬರುವವರು ಯಾರು, ಏಕೆ ಬರುತ್ತಿದ್ದಾರೆ, ಯಾರ ಕೆಲಸಕ್ಕೂ ಕುತ್ತಿಲ್ಲ ಎಂಬುದನ್ನು ಮಾಲೀಕನೇ ಮೊದಲ ದಿನ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಬೇಕು. ಕೆಲಸ ಕಡಿತವೇ ಉದ್ದೇಶವಾಗಿದ್ದರೆ ಅದನ್ನೂ ಮಾಲೀಕನೇ ಹೇಳಬೇಕು, ಕನ್ಸಲ್ಟೆಂಟರ ವರದಿಯ ಹಿಂದೆ ಅಡಗಬಾರದು.

ಕೊನೆಯದಾಗಿ ಕೆಲವು ಕೋರಿಕೆಗಳು. 1949ರಿಂದ ಸಣ್ಣ ಕೈಗಾರಿಕೆಗಳ ಪರವಾಗಿ ದುಡಿಯುತ್ತಿರುವ ರಾಜ್ಯಮಟ್ಟದ ಸಂಘ ಕಾಸಿಯಾ ಹಾಗೂ ಜಿಲ್ಲಾ ಮಟ್ಟದ ಕೈಗಾರಿಕಾ ಸಂಘಗಳು, ತಮ್ಮ ಸದಸ್ಯರು ಬಳಸಿರುವ ಸಲಹೆಗಾರರ ಪಟ್ಟಿಯನ್ನು, ಅವರು ಯಾವ ಬಗೆಯ ಘಟಕಗಳಲ್ಲಿ ಯಾವ ಕೆಲಸ ಮಾಡಿದ್ದಾರೆ ಎಂಬ ವಿವರದೊಂದಿಗೆ ಇಟ್ಟುಕೊಂಡರೆ, ಫೋನಿನಲ್ಲಿ ಸಿಕ್ಕವರನ್ನು ಹಿಡಿಯುವ ಪರಿಪಾಠ ತಪ್ಪುತ್ತದೆ. ಕನ್ನಡದಲ್ಲಿ ಎರಡು ಪುಟದ ಮಾದರಿ ಒಪ್ಪಂದ ಪತ್ರವೊಂದನ್ನು ವಕೀಲರಿಂದ ಬರೆಸಿ ಸದಸ್ಯರಿಗೆ ಹಂಚುವುದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಪ್ರಯೋಗಾಲಯವೂ ಅಧ್ಯಾಪಕರೂ ಇದ್ದಾರೆ. ಭದ್ರಾವತಿಯಲ್ಲಿ ಕಬ್ಬಿಣ, ಉಕ್ಕಿನ ನಡುವೆ ಜೀವನ ಕಳೆದ ನಿವೃತ್ತರು ಇನ್ನೂ ಇದ್ದಾರೆ. ಇವರನ್ನು ಸಣ್ಣ ಘಟಕಗಳಿಗೆ ಪರಿಚಯಿಸುವ ಕೆಲಸವನ್ನು ಜಿಲ್ಲಾ ಕೈಗಾರಿಕಾ ಕೇಂದ್ರ ಕೈಗೆತ್ತಿಕೊಳ್ಳಬೇಕು, ಅದೂ ಆ ಹಿರಿಯರು ಓಡಾಡುವ ಶಕ್ತಿ ಇರುವಾಗಲೇ. ಅದೇ ಕೇಂದ್ರದ ಬಾಗಿಲಲ್ಲಿ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ ಎಂದು ದಪ್ಪ ಅಕ್ಷರದ ಫಲಕವೊಂದನ್ನು ತೂಗುಹಾಕಲಿ. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಗಳು ಪ್ರಮಾಣಪತ್ರದ ಜೆರಾಕ್ಸ್ ಪ್ರತಿ ನೋಡಿ ತೃಪ್ತರಾಗದೆ, ಅದನ್ನು ಕೊಟ್ಟ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ಪರಿಶೀಲಿಸಲು ಶುರುಮಾಡಿದರೆ ಪ್ಯಾಕೇಜ್ ವ್ಯಾಪಾರ ತನ್ನಷ್ಟಕ್ಕೆ ಕುಗ್ಗುತ್ತದೆ.

ಈ ಬಗ್ಗೆ ಇತರ ಜಿಲ್ಲೆಗಳ ಉದ್ದಿಮೆದಾರರೂ, ಸಲಹಾ ವೃತ್ತಿಯಲ್ಲಿರುವವರೂ ತಮ್ಮ ಅನುಭವವನ್ನು ಇದೇ ಅಂಕಣದಲ್ಲಿ ಹಂಚಿಕೊಳ್ಳಲು ತಾವು ಅವಕಾಶ ಮಾಡಿಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಣ್ಣ ಉದ್ದಿಮೆದಾರ,
ಮಾಚೇನಹಳ್ಳಿ, ಶಿವಮೊಗ್ಗ